ಕಪಾಲಬೆಟ್ಟ: ಒಂದು ಹೆಸರಿನ ಭೂಗೋಳ ಮತ್ತು ಇತಿಹಾಸ

ಗೊರಗುಂಟೆಪಾಳ್ಯದಲ್ಲಿ ಬೆಟ್ಟವಿಲ್ಲ. ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ಈ ಕೂಡುರಸ್ತೆಯಲ್ಲಿ ಎತ್ತರವೆಂದು ಕಣ್ಣಿಗೆ ಬೀಳುವುದು ಮೇಲ್ಸೇತುವೆ ಮಾತ್ರ. ಆದರೆ ಪಕ್ಕದ ಪೀಣ್ಯ ಸೀಮೆಯಿಂದ ಹರಿಯುವ ನೀರಿನ ಒಂದು ಪಾಲು ವೃಷಭಾವತಿಯನ್ನು ಸೇರುತ್ತದೆ. ಬೈರಮಂಗಲದ ಕೆರೆಯನ್ನು ಹಾಯ್ದು, ಕನಕಪುರ ಸೀಮೆಯಲ್ಲಿ ಅರ್ಕಾವತಿಯೊಡನೆ ಬೆರೆತು, ಹಾರೋಬೆಲೆಯ ಜಲಾಶಯವನ್ನು ಮುಟ್ಟುತ್ತದೆ. ನಮ್ಮ ನಗರದ ಕೊಳೆಯನ್ನು ಹೀಗೆ ಹೊರುತ್ತಿರುವ ಹಾರೋಬೆಲೆಯು ಬಹುಪಾಲು ಕ್ರೈಸ್ತರೇ ನೆಲೆಸಿರುವ ಹಳೆಯ ಹಳ್ಳಿ. ಅಲ್ಲಿನ ಬೆಟ್ಟದ ಹೆಸರು ಕಪಾಲಬೆಟ್ಟ. ತಪಸ್ಸುಕಾಲದಲ್ಲಿ ಭಕ್ತರು ಶಿಲುಬೆಹಾದಿಯ ಪ್ರಾರ್ಥನೆ ಮಾಡುತ್ತ ಅದನ್ನು ಏರುತ್ತಾರೆ.

2019ರ ಡಿಸೆಂಬರ್‌ ತನಕ ಈ ಬೆಟ್ಟವನ್ನು ಬಲ್ಲವರು ಸುತ್ತಲಿನ ಹಳ್ಳಿಗರು ಮತ್ತು ಅಲ್ಲಿ ಸೇವೆ ಸಲ್ಲಿಸಿದ ಯಾಜಕರು. ಆನಂತರ ನಾಡೆಲ್ಲ ಅದರ ಹೆಸರನ್ನು ಕೇಳಿತು. ಅಂದಿನ ವಿವಾದ ನಮ್ಮ ಮುಂದಿಟ್ಟ ಪ್ರಶ್ನೆಯನ್ನು ಗುರುಮಠದ ತರಗತಿಗಳಲ್ಲಿ ನಾವಿನ್ನೂ ನೇರವಾಗಿ ಎದುರಿಸಿಲ್ಲ: ಕ್ರೈಸ್ತರಿಗೆ ಒಂದು ಬೆಟ್ಟ ಪವಿತ್ರವಾಗುವುದು ಯಾವುದರಿಂದ?

ಕಲ್ಲಿನ ನಂಟು

ಕನಕಪುರ ಸೀಮೆಯ ಬೆಟ್ಟಗಳು ಭೂಮಿಯ ಅತಿ ಪ್ರಾಚೀನ ಶಿಲೆಗಳ ಸಾಲಿಗೆ ಸೇರಿದವು. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟಿಗೆ ರಾಮನಗರದ ಹಳೆಯ ಹೆಸರೇ ದೊರೆತಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಇದೇ ತಾಲ್ಲೂಕಿನ ಕಬ್ಬಾಳದಲ್ಲಿ ನೈಸ್ ಶಿಲೆಯು ಚಾರ್ನೊಕೈಟ್ ಆಗಿ ಮಾರ್ಪಡುತ್ತಿರುವ ಹಂತವನ್ನು ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ ಜಗತ್ತಿನ ಗಮನಕ್ಕೆ ತಂದರು. ಚಾರ್ನೊಕೈಟ್ ಎಂಬ ಹೆಸರನ್ನು 1893ರಲ್ಲಿ ಇಟ್ಟವರು ಥಾಮಸ್ ಹಾಲೆಂಡ್. ಕಲ್ಕತ್ತೆಯ ಸಂತ ಯೊವಾನ್ನರ ದೇವಾಲಯದ ಆವರಣದಲ್ಲಿರುವ ಜಾಬ್ ಚಾರ್ನಕನ ಸಮಾಧಿಶಿಲೆಯಿಂದ ಆ ಹೆಸರು ಹುಟ್ಟಿತು. ಅದೇ ಜಾತಿಯ ಕಲ್ಲು ಮದ್ರಾಸಿನ ಸಂತ ತೋಮರ ಬೆಟ್ಟದಲ್ಲಿದೆ. ಪ್ರೇಷಿತ ತೋಮರು ರಕ್ತಸಾಕ್ಷಿಯಾದರೆಂದು ಪರಂಪರೆ ಹೇಳುವ, ನೆತ್ತಿಯ ಮೇಲೆ ಪುಟ್ಟ ದೇವಾಲಯವುಳ್ಳ ಬೆಟ್ಟವದು.

ಎರಡೂ ಸೀಮೆಗಳಲ್ಲಿ ಒಂದೇ ಬಗೆಯ ಕಲ್ಲಿದೆ. ಬೆಟ್ಟಗಳ ಹಕ್ಕುದಾರಿಕೆ ಮಾತ್ರ ಒಂದೇ ಬಗೆಯದಲ್ಲ. ಸಂತ ತೋಮರ ಬೆಟ್ಟವು ಇಲ್ಲಿಯೇ ಇದು ನಡೆಯಿತು ಎಂದು ಹೇಳುತ್ತದೆ. ಕಪಾಲಬೆಟ್ಟಕ್ಕೆ ಹಾಗೆ ಹೇಳಲು ಬಾರದು. ಎಲ್ಲಿಯೋ ನಡೆದದ್ದನ್ನು ಇಲ್ಲಿ ನೆನೆಯುತ್ತೇವೆ ಎಂಬುದಷ್ಟೇ ಅದರ ಮಾತು. ಈ ಎರಡನೆಯ ಮಾತಿಗೆ ದೈವಶಾಸ್ತ್ರದಲ್ಲಿ ಎಷ್ಟು ತೂಕವಿದೆ ಎಂಬುದನ್ನು ನೋಡಬೇಕು.

ಗೊಲ್ಗೊಥಾ ಬೆಟ್ಟವೇ?

ಅರಮಾಯಿಕ್ ಭಾಷೆಯ ಗೊಲ್ಗೊಥಾ, ಗ್ರೀಕಿನ ಕ್ರಾನಿಯೊನ್, ಲತೀನಿನ ಕಲ್ವಾರಿಯ, ಈ ಮೂರಕ್ಕೂ ತಲೆಬುರುಡೆ ಎಂದೇ ಅರ್ಥ. ಕನ್ನಡದಲ್ಲಿ ಅದು ಕಪಾಲವಾಯಿತು. ಆದರೆ ನಾಲ್ವರು ಶುಭಸಂದೇಶಕರ್ತರಲ್ಲಿ ಒಬ್ಬರೂ ಗೊಲ್ಗೊಥಾವನ್ನು ಬೆಟ್ಟವೆಂದು ಕರೆದಿಲ್ಲ. ಎಲ್ಲರೂ ಬಳಸಿದ್ದು ‘ಸ್ಥಳ’ ಎಂಬ ಸರಳ ಪದವನ್ನು. ಅದು ನಗರಕ್ಕೆ ಸಮೀಪವಿತ್ತು, ಅಲ್ಲೊಂದು ತೋಟವಿತ್ತು ಎಂದು ಯೊವಾನ್ನರು ತಿಳಿಸುತ್ತಾರೆ. ಹಿಬ್ರಿಯರಿಗೆ ಬರೆದ ಪತ್ರವು ಅದನ್ನು ಊರಬಾಗಿಲ ಹೊರಗಿನ ಸ್ಥಳವೆನ್ನುತ್ತದೆ.

‘ಗುಡ್ಡ’ ಎಂಬ ಮಾತನ್ನು ತಂದವರು ಯಾತ್ರಿಕರು. 333ರಲ್ಲಿ ಬೋರ್ಡೋ ನಗರದಿಂದ ಹೊರಟು ಜೆರುಸಲೇಮನ್ನು ಕಂಡ ಅನಾಮಿಕ ಯಾತ್ರಿಕನೊಬ್ಬ ಅದನ್ನು ಚಿಕ್ಕ ಗುಡ್ಡವೆಂದು ದಾಖಲಿಸಿದ್ದಾನೆ. ಇಂದು ಪವಿತ್ರ ಸಮಾಧಿಯ ಮಹಾದೇವಾಲಯದೊಳಗೆ ಉಳಿದಿರುವ ಆ ಬಂಡೆಯ ಎತ್ತರ ಸುಮಾರು ಐದು ಮೀಟರ್. ಅದು ಪ್ರಾಚೀನ ಕಲ್ಲುಗಣಿಯೊಂದರಲ್ಲಿ ಕಡಿಯದೆ ಬಿಟ್ಟ ತುಣುಕು. ಬಿರುಕುಬಿಟ್ಟ ಕಲ್ಲಾದ್ದರಿಂದ ಕಲ್ಲುಕುಟಿಗರು ಕೈಬಿಟ್ಟಿರಬೇಕೆಂಬುದು ಹಲವು ವಿದ್ವಾಂಸರ ಊಹೆ. ಕಟ್ಟುವವರು ತಳ್ಳಿದ ಕಲ್ಲಿನ ಕುರಿತ ಕೀರ್ತನೆಯನ್ನು ಬಲ್ಲ ಓದುಗರಿಗೆ ಇಲ್ಲಿ ಹೆಚ್ಚಿನ ವಿವರಣೆ ಬೇಡ. ಕಲ್ಲುಗಣಿಗಳ ನಡುವೆ ಬದುಕುವ ಕನಕಪುರದ ಜನರಿಗಂತೂ ಬೇಕೇ ಇಲ್ಲ.

ಹೀಗೆ ಕಪಾಲಬೆಟ್ಟ ಎಂಬ ಹೆಸರಿನಲ್ಲಿ ಮೊದಲ ಪದ ಶುಭಸಂದೇಶದ್ದು, ಎರಡನೆಯದು ಯಾತ್ರಿಕರ ಕಾಲುಗಳದು. ಐದು ಮೀಟರಿನ ಬಂಡೆಯನ್ನು ಬೆಟ್ಟವಾಗಿ ಬೆಳೆಸಿದ್ದು ಶತಮಾನಗಳ ಏರುಪಯಣ. 15ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿಸ್ಕನ್ ಸಭೆಯ ಬೆರ್ನಾರ್ದಿನೊ ಕಾಯಿಮಿ ಅವರು ಜೆರುಸಲೇಮಿಗೆ ಹೋಗಲಾರದ ಜನರಿಗಾಗಿ ಇಟಲಿಯ ವರಾಲ್ಲೊ ಬೆಟ್ಟದ ಮೇಲೆ ಪವಿತ್ರ ಸ್ಥಳಗಳ ಪ್ರತಿರೂಪಗಳನ್ನು ಕಟ್ಟಿಸಲು ತೊಡಗಿದರು. 17ನೇ ಶತಮಾನದ ಆರಂಭದಲ್ಲಿ ಪೋಲೆಂಡಿನ ಕಲ್ವಾರಿಯ ಜೆಬ್ಜಿದೊವ್‌ಸ್ಕ ಅದೇ ಮಾದರಿಯಲ್ಲಿ ರೂಪುಗೊಂಡಿತು. 1731ರಲ್ಲಿ ಜಗದ್ಗುರು ಹನ್ನೆರಡನೆಯ ಕ್ಲೆಮೆಂಟರು ಶಿಲುಬೆಹಾದಿಯ ಸ್ಥಳಗಳನ್ನು 14 ಎಂದು ನಿಗದಿಪಡಿಸಿದರು. ಬಡವರ ಜೆರುಸಲೇಮ್ ಎನ್ನಬಹುದಾದ ಈ ಪರಂಪರೆಯ ಒಂದು ಕುಡಿ ಅರ್ಕಾವತಿಯ ದಡದಲ್ಲಿಯೂ ಚಿಗುರಿತು.

ಹಳೆಯ ಮೈಸೂರಿನ ಕ್ರೈಸ್ತರು

17ನೇ ಶತಮಾನದ ಮಧ್ಯದಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಅವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಗಲ್ಲಿಟ್ಟರು. ಅವರು ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಬೋಧಿಸಿದರು. ಕಾವೇರಿ ಮತ್ತು ಅರ್ಕಾವತಿಯ ಸೀಮೆಯ ರೈತಾಪಿ ಕ್ರೈಸ್ತ ಹಳ್ಳಿಗಳ ಹಿಂದೆ ಈ ಮಿಷನ್ನಿನ ಇತಿಹಾಸವಿದೆ. 1773ರಲ್ಲಿ ಯೇಸುಸಭೆ ವಿಸರ್ಜನೆಗೊಂಡಿತು; ಮುಂದೆ ಮೈಸೂರು ಸೀಮೆಯ ಹೊಣೆಯನ್ನು ಪ್ಯಾರಿಸ್ಸಿನ ವಿದೇಶೀ ಮಿಷನ್ನಿನವರು ಹೊತ್ತರು. ಯಾಜಕರು ವಿರಳವಾಗಿದ್ದ ದೀರ್ಘಕಾಲದಲ್ಲಿ ಈ ಹಳ್ಳಿಗಳ ವಿಶ್ವಾಸವನ್ನು ಕಾದದ್ದು ಮನೆಯ ಜಪ, ಹಾಡು, ಆಟ ಮತ್ತು ನಡಿಗೆ. ಶತಮಾನವನ್ನು ದಾಟಿದ ಹಾರೋಬೆಲೆಯ ಪೂಜ್ಯ ಯಾತನೆಯ ನಾಟಕವೇ ಇದಕ್ಕೆ ಸಾಕ್ಷಿ. ಅಲ್ಲಿ ಪಿಲಾತನೂ ಪೇತ್ರನೂ ಆಗುವವರು ಊರಿನವರೇ. ಬೆಟ್ಟದ ಏರುಹಾದಿಯನ್ನೂ ಆ ನಾಟಕದ ಬಂಧುವೆಂದು ಓದುವುದೇ ಸರಿ.

ಎತ್ತರದ ಪ್ರಶ್ನೆ

2019ರ ಕ್ರಿಸ್ತಜಯಂತಿಯಂದು ಕಪಾಲಬೆಟ್ಟದ ಮೇಲೆ 114 ಅಡಿ ಎತ್ತರದ ಯೇಸುಪ್ರತಿಮೆಗೆ ಶಿಲಾನ್ಯಾಸವಾಯಿತು. 10 ಎಕರೆ ನೆಲದ ಮಂಜೂರಾತಿ ಪತ್ರ ಸ್ಥಳೀಯ ಟ್ರಸ್ಟಿನ ಕೈಸೇರಿತು. 2020ರ ಜನವರಿ 13ರಂದು ಕನಕಪುರದಲ್ಲಿ ಭಾರಿ ಪ್ರತಿಭಟನೆ ನಡೆಯಿತು. ಅದು ಗೋಮಾಳದ ನೆಲ, ಬೆಟ್ಟ ಮುನೇಶ್ವರನದು ಎಂಬುದು ಪ್ರತಿಭಟನಕಾರರ ವಾದ. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಅದೇ ವರ್ಷದ ಮಾರ್ಚ್‌ನಲ್ಲಿ ನಮಗೆ ಇನ್ನೂ ಹತ್ತಿರದ ದೇವನಹಳ್ಳಿ ತಾಲ್ಲೂಕಿನ ದೊಡ್ಡಸಾಗರಹಳ್ಳಿಯ ಗುಡ್ಡದಿಂದ ಯೇಸುವಿನ ಪ್ರತಿಮೆಯನ್ನೂ ಶಿಲುಬೆಹಾದಿಯ 14 ಶಿಲುಬೆಗಳನ್ನೂ ತೆರವುಗೊಳಿಸಲಾಯಿತು. ಅಲ್ಲಿ ಪ್ರಾರ್ಥಿಸುತ್ತಿದ್ದವರ ನೋವನ್ನು ಹಗುರವಾಗಿ ಕಾಣುವಂತಿಲ್ಲ.

ಆ ದಿನಗಳಲ್ಲಿ ನಾವು ಆಡಿದ ಮಾತುಗಳಲ್ಲಿ ಬಹುಪಾಲು ಅಡಿ, ಎಕರೆ ಮತ್ತು ಆದೇಶಗಳನ್ನು ಕುರಿತವು. ಕಾನೂನಿನ ಮುಂದೆ ಅವು ಬೇಕು. ಆದರೆ ಬೆಟ್ಟದ ಬಗೆಗೆ ಹೇಳಬಹುದಾದ ಅತ್ಯಂತ ಗಟ್ಟಿಯಾದ ಸಂಗತಿಯನ್ನು, ಎಂದರೆ ತಲೆಮಾರುಗಳ ನಡಿಗೆಯ ವೃತ್ತಾಂತವನ್ನು, ಒಪ್ಪವಾಗಿ ಬರೆದಿಟ್ಟವರು ನಮ್ಮಲ್ಲಿ ವಿರಳ. ಏರಿದವರ ನೆನಪು ಕಾಗದಕ್ಕೆ ಇಳಿಯದಿದ್ದಾಗ ಪ್ರತಿಮೆಯ ಎತ್ತರವೇ ಬೆಟ್ಟದ ಪರಿಚಯವಾಗಿಬಿಡುತ್ತದೆ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಒಪ್ಪಬೇಕು. ಕಪಾಲ ಎಂಬ ಪದ ಕನ್ನಡದ ಕಿವಿಗೆ ಮೊದಲು ತಂದುಕೊಡುವುದು ಭಿಕ್ಷಾಟನೆಯ ಶಿವನನ್ನು. ಗೊಲ್ಗೊಥಾವನ್ನು ಕನ್ನಡದಲ್ಲಿ ಹೇಳಲು ಹೊರಟವರು ಆ ಪದವನ್ನು ನೆರೆಮನೆಯಿಂದ ಎರವಲು ಪಡೆದರು, ನೆರೆಮನೆಯವರು ಬೇಡವೆನ್ನಲಿಲ್ಲ. ಎರವಲು ತಂದ ಪಾತ್ರೆಯಲ್ಲಿ ಅಡುಗೆ ಮಾಡಿದವರು ಪಾತ್ರೆಯ ಮನೆಯನ್ನು ಮರೆಯಬಾರದು. ಮುನೇಶ್ವರನನ್ನು ನೆನೆಯುವ ನೆರೆಯವರ ನೆನಪನ್ನು ಸುಳ್ಳೆಂದು ಸಾಧಿಸುವುದು ನಮ್ಮ ಕೆಲಸವಲ್ಲ. ನಮ್ಮ ನೆನಪು ನಿಜವೆಂದು ತೋರಿಸಿದರೆ ಸಾಕು. ಒಂದೇ ಬೆಟ್ಟಕ್ಕೆ ಎರಡು ಹಾದಿಗಳಿರುವುದು ಹಳ್ಳಿಗರಿಗೆ ಹೊಸತಲ್ಲ.

ಸಮಾರ್ಯದ ಸ್ತ್ರೀ ಬಾವಿಯ ಬಳಿ ಕೇಳಿದ್ದೂ ಬೆಟ್ಟದ ಪ್ರಶ್ನೆಯನ್ನೇ. ಯೇಸುಸ್ವಾಮಿ ಅವಳಿಗೆ ಕೊಟ್ಟ ಉತ್ತರದಲ್ಲಿ ಆರಾಧನೆಯು ಆ ಬೆಟ್ಟಕ್ಕೂ ಜೆರುಸಲೇಮಿಗೂ ಕಟ್ಟುಬೀಳದು. ಹಾಗಿದ್ದೂ ಅದೇ ಯೊವಾನ್ನರು ಶಿಲುಬೆಯ ಸ್ಥಳವನ್ನು ತೋಟದ ಸಮೇತ ಗುರುತಿಸುತ್ತಾರೆ. ದೇಹಧಾರಣೆಯನ್ನು ನಂಬುವವರಿಗೆ ಸ್ಥಳ ಬೇಕು. ಅದರ ಮೇಲೆ ಗೆಲುವು ಬೇಕಾಗಿಲ್ಲ. ಗೊಲ್ಗೊಥಾದಲ್ಲಿ ಪ್ರಭುವಿಗೆ ಒಂದು ಗೇಣು ನೆಲವೂ ಸ್ವಂತವಾಗಿರಲಿಲ್ಲ, ಸಮಾಧಿಯೂ ಪರರದೇ.

ಆದ್ದರಿಂದ ಗುರುಮಠದ ಕಿರಿಯರಲ್ಲಿ ನನ್ನದೊಂದು ಕೋರಿಕೆ. ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿನ ಗುಡ್ಡ, ಶಿಲುಬೆ, ಕಟ್ಟೆಗಳ ಬಗ್ಗೆ ಹಿರಿಯರನ್ನು ಕೇಳಿರಿ. ಮೊದಲು ಶಿಲುಬೆ ಹೊತ್ತವರು ಯಾರು, ಯಾವ ಬರಗಾಲದಲ್ಲಿ ಏರಿದರು, ದಾರಿಯಲ್ಲಿ ನೀರು ಕೊಟ್ಟ ಅನ್ಯಧರ್ಮದ ಮನೆ ಯಾವುದು ಎಂಬುದನ್ನೆಲ್ಲ ತಾರೀಖು ಸಹಿತ ಧರ್ಮಕೇಂದ್ರದ ದಫ್ತರದಲ್ಲಿ ಬರೆದಿಡಿರಿ. ಆ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.