ಫೇಜಿನ ಬಾಲದ ಕಿಣ್ವ: ಗಂಗಾಜಲದಿಂದ ಬೆಂಗಳೂರಿನ ಪ್ರಯೋಗಾಲಯಕ್ಕೆ

ಹತ್ತಿಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆ ವೈದ್ಯಶಿಕ್ಷಣದ ಊರೂ ಆದದ್ದು 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ. ಆ ವೇಳೆಗಾಗಲೇ, ಚರ್ಮದ ಕುರುವಿನಿಂದ ಹಿಡಿದು ರಕ್ತದ ಸೋಂಕಿನವರೆಗೆ ನಾನಾ ಬಾಧೆಗಳಿಗೆ ಕಾರಣವಾಗುವ ಸ್ಟೆಫೈಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಜಗ್ಗದಂತಾಗಿತ್ತು. ಅದಕ್ಕೆಂದೇ ತಂದ ಮೆಥಿಸಿಲಿನ್‌ಗೂ ಬಗ್ಗದ ತಳಿ 1961ರಲ್ಲೇ ಇಂಗ್ಲೆಂಡಿನಲ್ಲಿ ವರದಿಯಾಗಿತ್ತು. ಔಷಧಪ್ರತಿರೋಧವು ಈ ಕಾಲೇಜಿಗಿಂತ ಹಳೆಯದು. ಅದಕ್ಕೆ ಸೂಚಿಸಲಾದ ಪರಿಹಾರವೊಂದು, ಅಂದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್ ಎಂಬ ವೈರಸ್ಸು, ಇನ್ನೂ ಹಳೆಯದು.

1896ರಲ್ಲಿ ಆಗ್ರಾದಲ್ಲಿದ್ದ ವಿಜ್ಞಾನಿ ಅರ್ನೆಸ್ಟ್ ಹ್ಯಾಂಕಿನ್, ಗಂಗೆ ಯಮುನೆಗಳ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಸಾಯುತ್ತವೆಂದೂ ಕುದಿಸಿದ ನೀರಿಗೆ ಆ ಗುಣವಿರುವುದಿಲ್ಲವೆಂದೂ ಬರೆದನು. ಇದನ್ನೇ ಫೇಜಿನ ಮೊದಲ ದರ್ಶನವೆಂದು ಹೇಳುವುದು ವಾಡಿಕೆಯಾದರೂ, ಆವಿಯಾಗುವ ಯಾವುದೋ ವಸ್ತು ಕಾರಣವಿರಬೇಕೆಂದು ಹ್ಯಾಂಕಿನ್ ಊಹಿಸಿದ್ದರಿಂದ ಅವನಿಗೆ ಅಷ್ಟು ಮನ್ನಣೆ ಸಲ್ಲುವುದು ಅನುಮಾನವೇ. ಬ್ಯಾಕ್ಟೀರಿಯಾವನ್ನು ಹೊಕ್ಕು, ಅದರೊಳಗೇ ಸಂತತಿ ಬೆಳೆಸಿ, ಕೊನೆಗೆ ಅದನ್ನು ಒಡೆದು ಹೊರಬರುವ ವೈರಸ್ಸೇ ಬ್ಯಾಕ್ಟೀರಿಯೊಫೇಜ್, ಚಿಕ್ಕದಾಗಿ ಫೇಜ್. ಅದನ್ನು 1915ರಲ್ಲಿ ಟ್ವೋರ್ಟ್, 1917ರಲ್ಲಿ ಡಿ'ಹೆರೆಲ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಗುರುತಿಸಿದರು. ಡಿ'ಹೆರೆಲ್ 1927ರಲ್ಲಿ ಭಾರತಕ್ಕೆ ಬಂದು ಕಾಲರಾ ರೋಗಿಗಳ ಮೇಲೆ ಅದನ್ನು ಪ್ರಯೋಗಿಸಿದನು. ಫೇಜು ಪವಿತ್ರ ನದಿಗೆ ಮಾತ್ರ ಸೇರಿದ ಸೋಜಿಗವೇನೂ ಅಲ್ಲ. ಬ್ಯಾಕ್ಟೀರಿಯಾ ಇರುವಲ್ಲೆಲ್ಲ ಫೇಜುಗಳಿರುತ್ತವೆಯಾದ್ದರಿಂದ, ಹರಿಹರದ ಬಳಿ ಹರಿದು ದಾವಣಗೆರೆಗೂ ಕುಡಿಯುವ ನೀರೊದಗಿಸುವ ತುಂಗಭದ್ರೆಯಲ್ಲಿಯೂ ಅವು ಇದ್ದೇ ಇರುತ್ತವೆ, ಚರಂಡಿ ನೀರಿನಲ್ಲಂತೂ ಇನ್ನೂ ಹೇರಳವಾಗಿ.

ಒಂದು ಫೇಜು ಕೆಲವೇ ತಳಿಗಳಿಗೆ ಮಾರಕವಾಗಿದ್ದುದೂ, ಅಂದಿನ ತಯಾರಿಕೆಗಳ ಗುಣಮಟ್ಟ ಒಂದೇ ಸಮ ಇರದಿದ್ದುದೂ, 1940ರ ದಶಕದಲ್ಲಿ ಪೆನಿಸಿಲಿನ್ ಕೈಗೆ ಸಿಕ್ಕಿದುದೂ ಸೇರಿ ಫೇಜ್ ಚಿಕಿತ್ಸೆ ಸೋವಿಯತ್ ಜಾರ್ಜಿಯಾದಂಥ ಕೆಲವೆಡೆ ಮಾತ್ರ ಉಳಿಯಿತು. ಆಮೇಲೆ ಗಮನ ಇಡೀ ಫೇಜಿನಿಂದ ಅದರ ಕಿಣ್ವಗಳ ಕಡೆಗೆ, ಅಂದರೆ ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಕತ್ತರಿಸುವ ಪ್ರೋಟೀನುಗಳ ಕಡೆಗೆ ತಿರುಗಿತು. ಒಳಗೆ ಬೆಳೆದ ಸಂತತಿ ಹೊರಬರಲು ನೆರವಾಗುವ ಕಿಣ್ವ ಎಂಡೊಲೈಸಿನ್; ಹೊರಗಿನಿಂದ ಒಳನುಗ್ಗುವಾಗ ಭಿತ್ತಿಗೆ ರಂಧ್ರ ಕೊರೆಯುವುದು ಫೇಜಿನ ಬಾಲದಲ್ಲಿರುವ ಇನ್ನೊಂದು ಕಿಣ್ವ. ಸ್ಟೆಫೈಲೊಕಾಕಸ್‌ನ ಭಿತ್ತಿಗೆ ಹೊರಪೊರೆಯ ಮರೆಯಿಲ್ಲವಾದ್ದರಿಂದ, ಕಿಣ್ವವನ್ನು ಹೊರಗಿನಿಂದ ಹಾಕಿದರೂ ಅದು ಕೆಲಸ ಮಾಡುತ್ತದೆ. 2001ರಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ಫಿಷೆಟ್ಟಿ ತಂಡವು ಇಂಥದೊಂದು ಕಿಣ್ವದಿಂದ ಇಲಿಗಳಲ್ಲಿ ಸ್ಟ್ರೆಪ್ಟೊಕಾಕಸ್‌ಗಳನ್ನು ನಿವಾರಿಸಿ ತೋರಿಸಿತು.

ಕರ್ನಾಟಕದ ಪಾಲು ಇಲ್ಲಿಂದ ಮುಂದಿನದು. ಜೆ. ರಾಮಚಂದ್ರನ್ 2000ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗಂಗಾಜೆನ್ ಸಂಸ್ಥೆಯ ವಿಜ್ಞಾನಿಗಳು, ಫೇಜ್ ಕೆ ಎಂಬುದರ ಬಾಲದ ಕಿಣ್ವದಿಂದ ಕತ್ತರಿಸುವ ಭಾಗವನ್ನು ತೆಗೆದುಕೊಂಡು, ಲೈಸೊಸ್ಟಾಫಿನ್ ಎಂಬ ಬೇರೆ ಪ್ರೋಟೀನಿನಿಂದ ಭಿತ್ತಿಗೆ ಅಂಟಿಕೊಳ್ಳುವ ಭಾಗವನ್ನು ತಂದು ಜೋಡಿಸಿ, ಪಿ128 ಎಂಬ ಹೊಸ ಪ್ರೋಟೀನನ್ನು ರೂಪಿಸಿ, 2011ರಲ್ಲಿ ಅದರ ವಿವರ ಪ್ರಕಟಿಸಿದರು. ಪ್ರಕೃತಿಯಲ್ಲಿ ಎಲ್ಲಿಯೂ ಇಲ್ಲದ ಈ ಜೋಡಣೆ ಮೆಥಿಸಿಲಿನ್‌ಗೆ ಬಗ್ಗದ ತಳಿಗಳನ್ನೂ ಕೊಲ್ಲುತ್ತಿತ್ತು. ಪ್ರಯೋಗಾಲಯದಿಂದ ರೋಗಿಯವರೆಗಿನ ಹಾದಿ ಮಾತ್ರ ಸುಗಮವಲ್ಲ: ಅಮೆರಿಕದಲ್ಲಿ ಇದೇ ಬ್ಯಾಕ್ಟೀರಿಯಾದ ವಿರುದ್ಧ ಅತ್ಯಂತ ಮುಂದೆ ಸಾಗಿದ್ದ ಎಕ್ಸೆಬಕೇಸ್ ಎಂಬ ಕಿಣ್ವದ ಮೂರನೆಯ ಹಂತದ ಪರೀಕ್ಷೆ, ನಿರೀಕ್ಷಿತ ಫಲ ಕಾಣದೆ 2022ರಲ್ಲಿ ನಿಂತಿತು. ಮೆಥಿಸಿಲಿನ್‌ಗೆ ಬಗ್ಗದ ತಳಿಗಳ ಸೋಂಕು ತೀವ್ರವಾದಾಗ ವೈದ್ಯರು ಇಂದಿಗೂ ಮುಖ್ಯವಾಗಿ ನೆಚ್ಚಿಕೊಂಡಿರುವುದು 1950ರ ದಶಕದ ಆಂಟಿಬಯಾಟಿಕ್ ಆದ ವ್ಯಾಂಕೊಮೈಸಿನ್ ಅನ್ನೇ.