ಪಾಟಿಯಿಂದ ಕೃತಿಪತ್ರಿಕೆಯವರೆಗೆ: ಕೊಲ್ಹಾಪುರ ಸೀಮೆಯಲ್ಲಿ ಕನ್ನಡ ಬರವಣಿಗೆಯ ಕಲಿಕೆ

ಕನ್ನಡ ವ್ಯಾಕರಣಗಳ ಚರಿತ್ರೆಯನ್ನು ನಮ್ಮಲ್ಲಿ ಹಲವರು ಬರೆದಿದ್ದಾರೆ. ಶಾಲೆಯ ಮಗು ಕನ್ನಡದಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯಲು ಹೇಗೆ ಕಲಿಯಿತು, ಅದನ್ನು ಯಾರು, ಯಾವ ಕಾಲದಲ್ಲಿ, ಯಾವ ನಂಬಿಕೆಯಿಂದ ಕಲಿಸಿದರು ಎಂಬ ಚರಿತ್ರೆಗೆ ಕೈಹಾಕಿದವರು ಕಡಿಮೆ. ಅದರಲ್ಲೂ ಗಡಹಿಂಗ್ಲಜ, ಇಚಲಕರಂಜಿ, ಶಿರೋಳದ ಕಡೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಮಾತಾಡುತ್ತ ಬೆಳೆಯುವ ಮಕ್ಕಳು ಈ ಮಾತುಕತೆಯ ಹೊರಗೇ ಉಳಿದಿದ್ದಾರೆ. ಈಚೆಗೆ ಶಿಕ್ಷಕರು ಸೇರಿದಲ್ಲೆಲ್ಲ ಎರಡು ಮಾತು ಕಿವಿಗೆ ಬೀಳುತ್ತಿವೆ. ಗಡಿಯ ಮಕ್ಕಳ ಕನ್ನಡವನ್ನು ಮರಾಠಿ ಕೆಡಿಸಿದೆ ಎನ್ನುವುದು ಒಂದು. ವ್ಯಾಕರಣದಿಂದ ಬರವಣಿಗೆ ಸುಧಾರಿಸುವುದಿಲ್ಲವೆಂದು ಹೊರದೇಶದ ಸಂಶೋಧನೆ ಹೇಳಿದೆ, ಅದನ್ನು ಕೈಬಿಡೋಣ ಎನ್ನುವುದು ಇನ್ನೊಂದು. ಎರಡೂ ಮಕ್ಕಳ ನೋಟುಬುಕ್ಕು ತೆರೆದು ನೋಡದೆ ಹುಟ್ಟಿದ ಮಾತುಗಳು. ಅವನ್ನು ಹಾಗೇ ಬಿಡಲು ಮನಸ್ಸು ಒಪ್ಪದೆ ಈ ಸಮೀಕ್ಷೆ ಬರೆಯುತ್ತಿದ್ದೇನೆ.

ಹಳೆಯ ಕಾಲದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಕೊಲ್ಹಾಪುರದ ಶಿಲಾಹಾರರು ಕನ್ನಡದಲ್ಲಿ ಶಾಸನ ಬರೆಸಿದವರು. ಅವರಲ್ಲಿ ವಿಜಯಾದಿತ್ಯನ ಮಂತ್ರಿಯ ಆಶ್ರಯದಲ್ಲಿ ಕರ್ಣಪಾರ್ಯ 12ನೆಯ ಶತಮಾನದಲ್ಲಿ ನೇಮಿನಾಥಪುರಾಣ ಬರೆದ. ಮುಂದಿನ ಶತಮಾನದಲ್ಲಿ ಕೇಶಿರಾಜನ ಶಬ್ದಮಣಿದರ್ಪಣ ಬಂತು, 1604ರಲ್ಲಿ ಭಟ್ಟಾಕಳಂಕನ ಶಬ್ದಾನುಶಾಸನ. ಇವೆಲ್ಲ ಕವಿಗಳಿಗೂ ಪಂಡಿತರಿಗೂ ಸಂದ ಗ್ರಂಥಗಳು. ಮಕ್ಕಳ ಪಾಲಿಗೆ ಇದ್ದದ್ದು ಐಗಳ ಮಠ, ಮರಳಿನ ಮೇಲೆ ತಿದ್ದುವ ಅಕ್ಷರ, ಮಗ್ಗಿ, ಜೈಮಿನಿ ಭಾರತದ ಬಾಯಿಪಾಠ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ 533 ಶಾಲೆಗಳ ಬಗ್ಗೆ ವರದಿ ಕಳಿಸಿದಾಗ, ಮಕ್ಕಳು ಉರು ಹೊಡೆಯುವ ಕಾವ್ಯದ ಭಾಷೆಗೂ ಆಡುವ ಭಾಷೆಗೂ ಬಹಳ ದೂರವೆಂದೂ ಅರ್ಥ ತಿಳಿಯದೆ ಒಪ್ಪಿಸುತ್ತಾರೆಂದೂ ಬರೆದ. ಇನ್ನೂರು ವರ್ಷದ ಹಿಂದಿನ ಆ ದೂರು ಇನ್ನೂ ತೀರಿಲ್ಲ.

ವಿರಾಮಚಿಹ್ನೆಯ ಹಾದಿ ಬೇರೆ. ಈ ಸೀಮೆಯ ಕಾಗದಪತ್ರಗಳು ನಡೆಯುತ್ತಿದ್ದ ಮೋಡಿ ಲಿಪಿಯಲ್ಲಿ ಪದಗಳ ನಡುವೆ ಜಾಗವಿರಲಿಲ್ಲ, ವಾಕ್ಯದ ಕೊನೆಗೆ ಗುರುತಿರಲಿಲ್ಲ. ಓಲೆಗರಿಯ ಕನ್ನಡವೂ ದಂಡ ಬಿಟ್ಟರೆ ಹೆಚ್ಚುಕಡಿಮೆ ಹಾಗೆಯೇ. ಚುಕ್ಕಿ, ಅಲ್ಪವಿರಾಮ, ಪ್ರಶ್ನೆಯ ಗುರುತು ಎಲ್ಲ ಅಚ್ಚಿನ ಜೊತೆಗೆ ಬಂದವು. ಮರಾಠಿಯಲ್ಲಿ ಅವನ್ನು ನೆಲೆಗೊಳಿಸಿದವನು ಮೇಜರ್ ಥಾಮಸ್ ಕ್ಯಾಂಡಿ. ಇದಕ್ಕೆಂದೇ ಅವನು 1850ರಲ್ಲಿ ‘ವಿರಾಮಚಿಹ್ನಾಂಚಿ ಪರಿಭಾಷಾ’ ಎಂಬ ಪುಸ್ತಕ ಬರೆದ. ಕನ್ನಡಕ್ಕೂ ಅವು ಇಂಗ್ಲಿಷಿನ ಅಚ್ಚಿನಿಂದಲೇ ಬಂದವು, ಜೊತೆಗೆ ಇಂಗ್ಲಿಷಿನ ನಿಯಮಗಳೂ ಬಂದವು. ಕನ್ನಡ ವಾಕ್ಯ ತಾನಾಗಿ ಎಲ್ಲಿ ನಿಲ್ಲುತ್ತದೆ ಎಂದು ಆಗ ಶಾಲಾಪುಸ್ತಕಗಳು ಕೇಳಿಕೊಳ್ಳಲಿಲ್ಲ. ‘ಎಂದು’ ಎಂಬ ಒಂದೇ ಪದ ಆಡಿದ ಮಾತಿನ ಗಡಿ ತೋರಿಸುತ್ತದೆ. ‘ಅವ್ವನೂ ಅಪ್ಪನೂ’ ಎಂದರೆ ಪಟ್ಟಿ ಕೂಡಿಸಲು ಬೇರೆ ಗುರುತು ಬೇಡ. ಕ್ರಿಯಾಪದ ಬಂದಲ್ಲಿ ಸಾಮಾನ್ಯವಾಗಿ ವಾಕ್ಯ ಮುಗಿಯುತ್ತದೆ. ಇಷ್ಟನ್ನು ಮೊದಲ ಪಾಠದಲ್ಲೇ ಹೇಳಿದ್ದರೆ ಎಷ್ಟೋ ಮಕ್ಕಳಿಗೆ ಚುಕ್ಕಿಯ ಭಯ ತಪ್ಪುತ್ತಿತ್ತು.

ಶಾಲೆಗಾಗಿ ಕನ್ನಡ ಕಟ್ಟುವ ಕೆಲಸ ಮುಂಬಯಿ ಕರ್ನಾಟಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಿಂದ ಗಟ್ಟಿಯಾಯಿತು. ಧಾರವಾಡದ ನಾರ್ಮಲ್ ಶಾಲೆಯಲ್ಲಿ ಕನ್ನಡ ಮಾಸ್ತರರು ತಯಾರಾದರು. 1865ರಲ್ಲಿ ಹೊರಟ ಮಠಪತ್ರಿಕೆ ಹಳ್ಳಿಯ ಮಾಸ್ತರರಿಗೆ ಗದ್ಯ ಹೇಗಿರಬೇಕೆಂದು ತೋರಿಸಿತು. 1890ರ ಕರ್ನಾಟಕ ವಿದ್ಯಾವರ್ಧಕ ಸಂಘದ ಹಿಂದೆ ಈ ಮಾಸ್ತರರ ದುಡಿಮೆಯೂ ಇದೆ. ದಕ್ಷಿಣದಲ್ಲಿ ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’ 1838ರಷ್ಟು ಹಿಂದೆಯೇ ಬಂದಿತ್ತು. ಕರಾವಳಿಯಲ್ಲಿ ಪಂಜೆ ಮಂಗೇಶರಾಯರು ಮಕ್ಕಳ ಕಿವಿ ಬಲ್ಲ ಪಠ್ಯಗಳನ್ನು ಬರೆದರು. 1939ರಲ್ಲಿ ತೀ.ನಂ.ಶ್ರೀ. ಅವರ ‘ಕನ್ನಡ ಮಧ್ಯಮ ವ್ಯಾಕರಣ’ ಬಂತು. ಅಷ್ಟು ತಿಳಿಯಾದ ವ್ಯಾಕರಣ ನಮಗೆ ಆಮೇಲೂ ಹೆಚ್ಚು ಸಿಕ್ಕಿಲ್ಲ. ಆದರೂ ಅದು ಬರೆಯಲು ಬಲ್ಲವನಿಗೆ ಬರೆದದ್ದನ್ನು ವಿವರಿಸುವ ಪುಸ್ತಕ. ಬರೆಯಲು ಬಾರದವನನ್ನು ಬರೆಯಿಸುವುದು ಅದರ ಕೆಲಸವಾಗಿರಲಿಲ್ಲ. ನಾವು ಅದರಿಂದ ಆ ಕೆಲಸವನ್ನೂ ಬಯಸಿದೆವು.

ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಮಾಡಿದರು. ಅದಕ್ಕೂ ಮೊದಲೇ ಅವರ ಬೆಂಬಲದಿಂದ ಎದ್ದ ಜೈನ, ಲಿಂಗಾಯತ ಮೊದಲಾದ ಬೋರ್ಡಿಂಗುಗಳು ಕನ್ನಡ ಹಳ್ಳಿಗಳ ಹುಡುಗರಿಗೂ ಆಸರೆಯಾದವು. ರಾಜಾರಾಮ ಕಾಲೇಜಿನಲ್ಲಿ ಕೆ.ಜಿ. ಕುಂದಣಗಾರರು ಕನ್ನಡ ಕಲಿಸಿದರು, 1939ರಲ್ಲಿ ಉತ್ತರ ಕರ್ನಾಟಕದ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಪ್ರಕಟಿಸಿದರು. ಸದಲಗಿಯ ಆ.ನೇ. ಉಪಾಧ್ಯೆಯವರು ಅದೇ ಕಾಲೇಜಿನಲ್ಲಿ ಮೂರು ದಶಕ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿದ್ದರು. ಕುಂದಣಗಾರರು 1961ರ ಗದಗ ಸಾಹಿತ್ಯ ಸಮ್ಮೇಳನಕ್ಕೆ, ಉಪಾಧ್ಯೆಯವರು 1967ರ ಶ್ರವಣಬೆಳಗೊಳ ಸಮ್ಮೇಳನಕ್ಕೆ ಅಧ್ಯಕ್ಷರಾದರು. ವಿ.ಕೃ. ಗೋಕಾಕರು ಆ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ಇಷ್ಟು ದೊಡ್ಡ ಕನ್ನಡ ವಿದ್ವತ್ತು ನೆಲೆಸಿದ್ದ ಊರಿನಲ್ಲಿ ಪ್ರಾಥಮಿಕ ಶಾಲೆಯ ಕನ್ನಡ ಬರವಣಿಗೆಗೆ ಒಂದು ಪದ್ಧತಿ ಬೆಳೆಯಲಿಲ್ಲ. ವಿದ್ವಾಂಸರ ಕೆಲಸ ಹಸ್ತಪ್ರತಿ ಮತ್ತು ಶಾಸನಗಳ ಕಡೆ ಹೋಯಿತು. ಅದನ್ನು ಅವರ ತಪ್ಪೆನ್ನಲಾರೆ. ಆದರೆ ನಮಗೆ ಬಂದ ಬಳುವಳಿಯಲ್ಲಿ ಆ ಜಾಗ ಖಾಲಿ ಇತ್ತು.

1956ರಲ್ಲಿ ರಾಜ್ಯಗಳು ಬೇರೆಯಾದವು. ಬೆಳಗಾವಿ ಮೈಸೂರಿಗೆ ಹೋಯಿತು, ಅದೇ ಜಿಲ್ಲೆಯ ಚಂದಗಡ ಕೊಲ್ಹಾಪುರಕ್ಕೆ ಬಂತು. ಸಂಕೇಶ್ವರದ ಮಗು ಒಂದು ಪಠ್ಯ ಓದಿತು, ಅರ್ಧ ಗಂಟೆಯ ಹಾದಿಯ ಗಡಹಿಂಗ್ಲಜದ ಮಗು ಇನ್ನೊಂದು. 1967ರ ಜನವರಿ 27ರಂದು ಪುಣೆಯಲ್ಲಿ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಶುರುವಾಯಿತು, ಕನ್ನಡ ಪುಸ್ತಕಗಳೂ ಅಲ್ಲಿಂದ ಬರತೊಡಗಿದವು. ಕೆಳಗಿನ ತರಗತಿಗಳಿಗೆ ಬಾಲಭಾರತಿ, ಮೇಲೆ ಕುಮಾರಭಾರತಿ. ಗಡಿಯಾಚೆಯ ಕನ್ನಡ ಮಕ್ಕಳಿಗೆ ಒಂದು ಸರ್ಕಾರ ತಪ್ಪದೆ ಪುಸ್ತಕ ಕೊಡುತ್ತ ಬಂದದ್ದು ಸಣ್ಣ ಸಂಗತಿಯಲ್ಲ. ಗಡಿವಾದದ ಬಿಸಿಯಲ್ಲಿ ನಾವು ಇದನ್ನು ಹೇಳುವುದೇ ಇಲ್ಲ.

ನಮ್ಮ ತಲೆಮಾರು ಮಾಸ್ತರಕಿಗೆ ಬಂದಾಗ ಬರವಣಿಗೆ ಎಂದರೆ ಮೂರು ಕೆಲಸ: ಶುದ್ಧಬರಹ, ಉಕ್ತಲೇಖನ, ನಿಬಂಧ. ನಿಬಂಧಗಳು ಗೈಡಿನಿಂದ ಬರುತ್ತಿದ್ದವು. ‘ನಾನು ನೋಡಿದ ಜಾತ್ರೆ’ ಎಂಬ ನಿಬಂಧದಲ್ಲಿ ಇಡೀ ತರಗತಿ ಒಂದೇ ಜಾತ್ರೆ ನೋಡಿರುತ್ತಿತ್ತು. ಸಂಧಿ, ಸಮಾಸ, ವಿಭಕ್ತಿ ಬೇರೆ ತಾಸಿನಲ್ಲಿ. ಲೋಪಸಂಧಿಗೆ ನಾಲ್ಕು ಉದಾಹರಣೆ ಕೊಡುವ ಹುಡುಗ ತನ್ನ ಊರಿನ ಬಗ್ಗೆ ಎರಡು ವಾಕ್ಯ ಬರೆಯಲು ಕೂತರೆ ಪೆನ್ನು ಕಚ್ಚುತ್ತಿದ್ದ. 1990ರ ದಶಕದ ಕನಿಷ್ಠ ಕಲಿಕಾ ಮಟ್ಟಗಳು ಬರವಣಿಗೆಯನ್ನು ಸಾಮರ್ಥ್ಯಗಳಾಗಿ ತುಂಡರಿಸಿದವು, ನಾವು ಕೋಷ್ಟಕ ತುಂಬಿದೆವು.

ಅದೇ ಹೊತ್ತಿನಲ್ಲಿ ಕೆಲವು ಶಾಲೆಗಳಲ್ಲಿ ಬೇರೆಯದೊಂದು ನಡೆದಿತ್ತು. ಮಹಾರಾಷ್ಟ್ರದ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ‘ಹಸ್ತಲಿಖಿತ’ ತರುವ ಹಳೆಯ ರೂಢಿಯಿದೆ. ಮಕ್ಕಳೇ ಬರೆದು, ಚಿತ್ರ ಬಿಡಿಸಿ, ಹೊಲಿದು ಕಟ್ಟುವ ಅಂಕ. ಕನ್ನಡ ಶಾಲೆಗಳೂ ಅದನ್ನು ಎತ್ತಿಕೊಂಡವು. ಅಂಕ ಮನೆಗೆ ಹೋಗುತ್ತದೆ, ಅಪ್ಪ ಓದುತ್ತಾನೆ, ಊರವರು ಓದುತ್ತಾರೆ ಎಂದು ಗೊತ್ತಾದ ಕೂಡಲೇ ಮಗು ತಾನಾಗಿ “ಗುರೂಜಿ, ಇದು ಸರಿ ಐತೇನ್ರಿ?” ಎಂದು ಕೇಳುತ್ತದೆ. ಫ್ರಾನ್ಸಿನ ಹಳ್ಳಿಯ ಮಾಸ್ತರ ಸೆಲೆಸ್ತಾಂ ಫ್ರೆನೆ 1920ರ ದಶಕದಲ್ಲಿ ತರಗತಿಗೆ ಅಚ್ಚಿನ ಯಂತ್ರ ತಂದು ಇದನ್ನೇ ಕಂಡುಕೊಂಡಿದ್ದ. ತಿದ್ದಿ ಬರೆಯುವ ಕಾರಣ ಮಗುವಿಗೆ ಸಿಗಬೇಕು. ಹಸ್ತಲಿಖಿತದಿಂದ ಶುರುಮಾಡಿ ವಾಕ್ಯಕ್ಕೆ, ವಾಕ್ಯದಿಂದ ವ್ಯಾಕರಣಕ್ಕೆ ಹೋಗುವ ಈ ದಾರಿಯಲ್ಲಿ ನಡೆದ ಮಾಸ್ತರರ ಸಾಧನೆಯನ್ನು ಯಾವ ವರದಿಯೂ ಸರಿಯಾಗಿ ದಾಖಲಿಸಿಲ್ಲ ಎನ್ನುವುದು ನನ್ನ ಕೊರಗು.

ಆ ದಾರಿ ಹೇಗೆ ಕೆಲಸ ಮಾಡುತ್ತದೆಂದು ಹತ್ತಿರದಿಂದ ತೋರಿಸುತ್ತೇನೆ. ಗಡಹಿಂಗ್ಲಜದ ಪೂರ್ವದ ಹಳ್ಳಿಗಳ ಐದನೆಯ ತರಗತಿಯಲ್ಲಿ ಸಿಗುವ ಬರಹದ ಮಾದರಿ ಇದು: ‘ನಮ್ಮ ಮನಿಯಲ್ಲಿ ಎಮ್ಮಿ ಇದೆ ಅವ್ವ ಹಾಲು ಹಿಂಡತಾಳ ನಾನು ಡೇರಿಗೆ ಹಾಕತೀನಿ ಆಮೇಲೆ ಸಾಲಿಗೆ ಹೊಗತೀನಿ’. ಕೆಂಪು ಪೆನ್ನಿನ ಮಾಸ್ತರರು ಮನಿ, ಎಮ್ಮಿ, ಹಿಂಡತಾಳ, ಹಾಕತೀನಿ, ಸಾಲಿ, ಹೊಗತೀನಿ ಎಲ್ಲಕ್ಕೂ ಗೆರೆ ಎಳೆಯುತ್ತಾರೆ, ಮಗುವಿಗೆ ತಾನು ಬರೆದದ್ದೆಲ್ಲ ತಪ್ಪು ಎಂದಷ್ಟೇ ತಿಳಿಯುತ್ತದೆ. ವಾಕ್ಯದ ಲೆಕ್ಕದಲ್ಲಿ ನೋಡಿದರೆ ಅಲ್ಲಿ ನಾಲ್ಕೂ ವಾಕ್ಯ ಪೂರ್ತಿಯಾಗಿವೆ. ಕಾಣೆಯಾದದ್ದು ನಾಲ್ಕು ಚುಕ್ಕಿ. ಗಟ್ಟಿಯಾಗಿ ಓದಿಸಿದರೆ ಮಗುವೇ ಇದೆ, ಹಿಂಡತಾಳ, ಹಾಕತೀನಿ, ಹೊಗತೀನಿ ಎಂದು ನಿಂತು ಚುಕ್ಕಿ ಇಡುತ್ತದೆ. ಎರಡನೆಯ ದಿನ ಕೂಡಿಸುವ ಆಟ: ‘ಅವ್ವ ಹಿಂಡಿದ ಹಾಲನ್ನು ಡೇರಿಗೆ ಹಾಕಿ ಸಾಲಿಗೆ ಹೊಗತೀನಿ.’ ಹಿಂಡಿದ, ಹಾಕಿ ಎರಡೂ ಕೃದಂತ. ಹೆಸರು ಹೇಳುವ ಮೊದಲೇ ಮಗು ಅವನ್ನು ಬಳಸಿ ಮುಗಿಸಿತು. ‘ಹೊಗತೀನಿ’ ‘ಹೋಗುತ್ತೇನೆ’ ಆಗುವುದು ಹೊರಗಿನ ಓದುಗರಿಗೆಂದು ಶುಚಿಪ್ರತಿ ಬರೆಯುವಾಗ. ‘ಸಾಲಿ’ಯನ್ನು ‘ಶಾಲೆ’ ಮಾಡುವುದೂ ಆಗಲೇ.

ಮರಾಠಿಯ ವಿಷಯಕ್ಕೆ ಬರೋಣ. ಅದೇ ವಾಕ್ಯವನ್ನು ಮರಾಠಿಯಲ್ಲಿ ಹೇಳಿಸಿದರೆ ‘ಆಈನಂ ಕಾಢಲೇಲಂ ದೂಧ ಡೇರೀಲಾ ಘಾಲೂನ ಶಾಳೇಲಾ ಜಾತೋ’ ಎಂದಾಗುತ್ತದೆ. ಪದಕ್ಕೆ ಪದ, ಅದೇ ಸರದಿ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ವಾಕ್ಯರಚನೆಯಲ್ಲಿ ಇಷ್ಟು ಹತ್ತಿರ ಬಂದಿರುವುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದರು. ಭಾಷಾವಿಜ್ಞಾನ ಓದುವವರೆಲ್ಲ ಬಲ್ಲ ಆ ಪ್ರಬಂಧ ಅದೇ ಸೀಮೆಯ ಕನ್ನಡ ಮಾಸ್ತರರ ತರಬೇತಿಯಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಮರಾಠಿ ಬಲ್ಲ ಮಗುವಿಗೆ ಕನ್ನಡ ವಾಕ್ಯ ಅರ್ಧ ಬಂದೇ ಇರುತ್ತದೆ. ತೊಡಕುಗಳು ಎಣಿಸಿದಷ್ಟೇ. ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ದುಡಿಯುವವರ ಮಗಳು ‘ನನ್ನ ತಂದೆ ನೇಕಾರ ಇದ್ದಾರೆ’ ಎಂದು ಬರೆಯುತ್ತಾಳೆ. ಮರಾಠಿಯ ‘ಆಹೇತ’ ಅಲ್ಲಿ ಒಳಗೆ ಬಂದಿದೆ, ಕುಪವಾಡದ ಕನ್ನಡದಲ್ಲೂ ಇದೇ ಕಂಡಿತ್ತು. ದೇವನಾಗರಿಯಲ್ಲಿ ಎ–ಏ, ಒ–ಓ ಬೇರೆ ಬೇರೆ ಬರೆಯುವುದಿಲ್ಲವಾದ್ದರಿಂದ ‘ಬೆಕು’, ‘ಒದು’, ‘ಹೊಗು’ ಎಂಬ ಬರಹ ಬರುತ್ತದೆ. ಕೊಡು–ಕೋಡು, ತೊಡು–ತೋಡು ಎಂದು ಬಾಯಲ್ಲಿ ಆಡಿಸಿ ಬರೆಯಿಸಿದರೆ ಕೆಲವು ವಾರಗಳಲ್ಲಿ ಇದು ಹಿಡಿತಕ್ಕೆ ಬರುತ್ತದೆ. ಮಹಾಪ್ರಾಣದಲ್ಲಂತೂ ಈ ಮಕ್ಕಳು ಬೆಂಗಳೂರಿನ ಮಕ್ಕಳಿಗಿಂತ ಗಟ್ಟಿಯೆಂದು ನನಗೆ ಅನಿಸಿದೆ. ಇದನ್ನು ಕೆಟ್ಟ ಕನ್ನಡ ಎನ್ನುವವರು ತಪ್ಪಿನ ಪಟ್ಟಿ ಮಾಡಿಯೂ ನೋಡಿಲ್ಲ.

ಇನ್ನು ಸಂಶೋಧನೆಯ ಮಾತು. 1963ರಲ್ಲಿ ಅಮೆರಿಕದ ಬ್ರಾಡಕ್ ಮತ್ತು ಸಂಗಡಿಗರು, 1986ರಲ್ಲಿ ಹಿಲಕ್ಸ್, ಬಿಡಿ ವ್ಯಾಕರಣಪಾಠದಿಂದ ಬರವಣಿಗೆ ಸುಧಾರಿಸದು ಎಂದದ್ದು ನಿಜ. ಬರೆಯುವ ಸಮಯ ಕಸಿದು ವ್ಯಾಕರಣದ ಹೆಸರುಗಳನ್ನು ಹೇಳಿಕೊಡುವ ಪಾಠದ ಬಗ್ಗೆ ಅವರು ಹೇಳಿದ್ದು ಅದು. ಹಿಲಕ್ಸ್ ಅವರೇ ವಾಕ್ಯ ಕೂಡಿಸುವ ಅಭ್ಯಾಸದಿಂದ ಲಾಭವಿದೆಯೆಂದು ಕಂಡರು. 2012ರಲ್ಲಿ ಇಂಗ್ಲೆಂಡಿನ ಡೆಬ್ರಾ ಮೈಹಿಲ್ ಮತ್ತು ಸಂಗಡಿಗರು, ಬರೆಯುತ್ತಿರುವ ಬರಹದ ಒಳಗೇ ವ್ಯಾಕರಣ ತಂದಾಗ ಬರವಣಿಗೆ ಸುಧಾರಿಸಿದ್ದನ್ನು ತೋರಿಸಿದರು. ನಮ್ಮಲ್ಲಿ ಡಿ.ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ 2000ದಲ್ಲಿ ಬಂದಾಗ ತರಗತಿಗೆ ಬೇಕಾದ ತಿರುಳು ಅದರಲ್ಲಿತ್ತು. ಆಮೇಲಿನ ಚರ್ಚೆಯೆಲ್ಲ ಮಹಾಪ್ರಾಣ ಬಿಡಬೇಕೋ ಇಡಬೇಕೋ ಎಂಬ ಕಡೆ ಹರಿದು ವಾಕ್ಯದ ಮಾತು ಹಿಂದೆ ಬಿತ್ತು.

2018ರಲ್ಲಿ ಮಹಾರಾಷ್ಟ್ರದ ಹತ್ತನೆಯ ತರಗತಿಯ ಪಠ್ಯ ಬದಲಾಯಿತು, ಭಾಷಾವಿಷಯಗಳಲ್ಲಿ ಪ್ರಶ್ನಪತ್ರಿಕೆಯ ಜಾಗಕ್ಕೆ ಕೃತಿಪತ್ರಿಕೆ ಬಂತು. ಪತ್ರ, ಸುದ್ದಿ, ಜಾಹೀರಾತು ಬರೆಯಿಸುವ ಈ ಬಗೆ ನನಗೆ ಹಿಡಿಸಿದೆ. ಈಗ ಅದಕ್ಕೂ ಗೈಡು ಬಂದಿದೆ, ಜಾಹೀರಾತೂ ಬಾಯಿಪಾಠವಾಗುತ್ತಿದೆ. ಇನ್ನೊಂದು ಕಡೆ ಮಕ್ಕಳ ಕಲಿಕೆಯ ಬಗ್ಗೆ 2005ರಿಂದ ಬರುತ್ತಿರುವ ಅಸರ್ ವರದಿಗಳು ಮುಖ್ಯವಾಗಿ ಓದು ಮತ್ತು ಲೆಕ್ಕವನ್ನು ಅಳೆಯುತ್ತವೆ. ಅಳತೆಗೆ ಸಿಕ್ಕದ್ದಕ್ಕೆ ತರಗತಿಯಲ್ಲಿ ಸಮಯವೂ ಸಿಗುವುದಿಲ್ಲ.

ಈ ಸೀಮೆಯಲ್ಲಿ ಇನ್ನೂ ಆಗಬೇಕಾದವು ಕೆಲವಿವೆ. ಮರಾಠಿಯ ಪಕ್ಕದಲ್ಲಿಟ್ಟು ಕನ್ನಡ ವಾಕ್ಯವನ್ನು ಕಲಿಸುವ ಶಿಕ್ಷಕರ ಕೈಪಿಡಿ ಬೇಕು. ಇಚಲಕರಂಜಿಯಲ್ಲಿ ಮರಾಠಿ ಶಾಲೆಗೆ ಹೋಗುವ, ಕನ್ನಡ ಅಕ್ಷರವನ್ನೇ ಕಲಿಯದ ಕನ್ನಡ ಮನೆಯ ಮಕ್ಕಳನ್ನು ಯಾರ ಲೆಕ್ಕಕ್ಕೆ ಹಿಡಿಯಬೇಕೆಂದು ಕೇಳಿಕೊಳ್ಳಬೇಕು. ಪುಣೆಯ ಪಠ್ಯಸಮಿತಿಯ ಕನ್ನಡಿಗರೂ ಧಾರವಾಡ, ಬೆಳಗಾವಿಯ ಶಿಕ್ಷಕ ತರಬೇತಿಯವರೂ ಒಂದೇ ಮೇಜಿಗೆ ಬರಬೇಕು. ಇವೆಲ್ಲಕ್ಕೂ ಮೊದಲು ಸಾಮಗ್ರಿ ಬೇಕು. ಗಡಹಿಂಗ್ಲಜದ, ಶಿರೋಳದ ಕನ್ನಡ ಶಾಲೆಗಳ ನಿಬಂಧದ ನೋಟುಬುಕ್ಕುಗಳು ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ರದ್ದಿಗೆ ಹೋಗುತ್ತವೆ. ಈ ಸಲ ಪ್ರತಿ ಶಾಲೆಯ ಮುಖ್ಯಾಧ್ಯಾಪಕರು ಐದನೆಯ ಮತ್ತು ಎಂಟನೆಯ ತರಗತಿಯ ನೋಟುಬುಕ್ಕುಗಳನ್ನು, ಮಕ್ಕಳ ಹೆಸರು ತೆಗೆದು, ಎತ್ತಿಡಲಿ. ಎಲ್ಲಿ ಚುಕ್ಕಿ ತಪ್ಪಿದೆ, ಎಲ್ಲಿ ಏಕಾರ ತಪ್ಪಿದೆ, ಯಾವ ಮಗು ಎಷ್ಟು ವಾಕ್ಯ ಕೂಡಿಸಿದೆ ಎಂದು ಎಣಿಸುವ ಕೆಲಸಕ್ಕೆ ಕೂರಲು ನನ್ನಂಥ ನಿವೃತ್ತ ಮಾಸ್ತರರು ಈ ತಾಲೂಕುಗಳಲ್ಲಿ ಇದ್ದಾರೆ.