ನಾಣ್ಯ: ಪರೀಕ್ಷೆಗೆ ನಿಂತ ಪದ

1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಹಳಿಯ ಕೆಲಸಕ್ಕೆಂದು ನೆಲ ಅಗೆಯುವಾಗ 163 ಬೆಳ್ಳಿ ನಾಣ್ಯಗಳು ಸಿಕ್ಕವು. ಎಲ್ಲವೂ ರೋಮಿನವು, ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದ ಚಕ್ರವರ್ತಿಗಳ ಕಾಲದವು. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು ದಿನವೂ ದಾಟುವ ಸೀಮೆ ಅದು. ಆಮೇಲೆ, 1965ರಲ್ಲಿ, ವೈಟ್‌ಫೀಲ್ಡ್ ದಾರಿಯಲ್ಲಿ ಎಚ್‌ಎಎಲ್ ಇರುವ ಕಡೆ ಇಂಥದೇ ನಿಧಿ ಹೊರಬಿತ್ತು.

ಈ ಬೆಳ್ಳಿ ಬಿಲ್ಲೆಗೆ ರೋಮಿನವರು ಕೊಟ್ಟ ಹೆಸರು ದೆನಾರಿಯಸ್. ಅದೇ ನಮ್ಮಲ್ಲಿ ‘ದೀನಾರ’ವಾಗಿ ಅಮರಕೋಶವನ್ನೂ ಸೇರಿತು. ಆದರೆ ಕನ್ನಡಿಗರ ನಾಲಿಗೆಯಲ್ಲಿ ನೆಲೆ ನಿಂತದ್ದು ‘ನಾಣ್ಯ’. ಆ ಪದದ ಬಾಳು ದೀನಾರದ್ದಕ್ಕಿಂತ ಸೊಗಸಾದದ್ದು.

ನಾಣ್ಯದ ಬೇರು ಸಂಸ್ಕೃತದ ‘ನಾಣಕ’. ಕುಷಾಣ ದೊರೆ ಕನಿಷ್ಕನ ನಾಣ್ಯಗಳ ಮೇಲೆ ‘ನನಾ’ ಎಂಬ ದೇವಿಯ ಹೆಸರು, ಚಿತ್ರ ಇವೆ. ನಾಣಕ ಅವಳಿಂದಲೇ ಬಂತೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ನನ್ನನ್ನು ಹೆಚ್ಚು ಸೆಳೆಯುವುದು ಯಾಜ್ಞವಲ್ಕ್ಯ ಸ್ಮೃತಿ. ಅಲ್ಲಿ ‘ನಾಣಕಪರೀಕ್ಷಿ’ ಎಂಬೊಬ್ಬ ಬರುತ್ತಾನೆ. ನಾಣ್ಯ ಪರೀಕ್ಷಿಸುವುದೇ ಅವನ ಕಸುಬು. ಖೋಟಾ ನಾಣ್ಯವನ್ನು ಅಸಲಿ ಎಂದರೂ ಅಸಲಿಯನ್ನು ಖೋಟಾ ಎಂದರೂ ಅವನಿಗೆ ಉತ್ತಮಸಾಹಸ ದಂಡ. ಅದೇ ಸ್ಮೃತಿಯ ಲೆಕ್ಕದಲ್ಲಿ ಅದು 1080 ಪಣ. ಆ ಪಣವೇ ನಮ್ಮ ಇಂದಿನ ‘ಹಣ’. ಒಳ್ಳೆಯದನ್ನು ಕೆಟ್ಟದ್ದೆನ್ನುವುದೂ ಕೆಟ್ಟದ್ದನ್ನು ಒಳ್ಳೆಯದೆನ್ನುವಷ್ಟೇ ದೊಡ್ಡ ಅಪರಾಧ ಎಂದ ಆ ಸ್ಮೃತಿಕಾರನ ನ್ಯಾಯಪ್ರಜ್ಞೆ ದೊಡ್ಡದು.

ಪರೀಕ್ಷೆಯ ಈ ವಾಸನೆ ಪದಕ್ಕೂ ಅಂಟಿತು. ನಾಣ್ಯ ಎಂದರೆ ಬರೀ ಬಿಲ್ಲೆಯಲ್ಲ, ಪರೀಕ್ಷೆಯಲ್ಲಿ ಗೆದ್ದ ಗುಣವೂ ಹೌದು. ‘ನಾಣ್ಯವಾದ ಸರಕು’ ಎಂದರೆ ಕಲಬೆರಕೆಯಿಲ್ಲದ ಸರಕು. ಕನ್ನಡದಲ್ಲಿ ಈ ಅರ್ಥ ಸವೆಯುತ್ತಿದೆ. ನೆರೆಯವರಲ್ಲಿ ಹೊಳಪು ಮಾಸಿಲ್ಲ. ತಮಿಳಿನಲ್ಲಿ ‘ನಾಣಯಂ’ ಎಂದರೆ ಪ್ರಾಮಾಣಿಕತೆಯೂ ಹೌದು, ತೆಲುಗಿನಲ್ಲಿ ‘ನಾಣ್ಯತ’ ಎಂದರೆ ಗುಣಮಟ್ಟ. ಪೀಣ್ಯದಲ್ಲಿ ಬೋಲ್ಟು-ಬೇರಿಂಗುಗಳನ್ನು ಅಳೆದು ನೋಡಿ ಪಾಸು ಮಾಡುವವರನ್ನು ನಾಣಕಪರೀಕ್ಷಿಯ ವಂಶದವರೆಂದೇ ನಾನು ಎಣಿಸುತ್ತೇನೆ.

ರೂಪಾಯಿಯ ಕಥೆಯೂ ಇದೇ. ‘ರೂಪ’ದಿಂದ ‘ರೂಪ್ಯ’ ಹುಟ್ಟುವುದನ್ನು ಹೇಳುವಾಗ ಪಾಣಿನಿ ಎರಡು ಅರ್ಥ ಕೊಡುತ್ತಾನೆ: ಮುದ್ರೆ ಒತ್ತಿದ್ದು, ಹೊಗಳಿಕೆಗೆ ತಕ್ಕದ್ದು. ಬಿಲ್ಲೆಗೂ ಮೆಚ್ಚುಗೆಗೂ ಅಷ್ಟು ಹಿಂದೆಯೇ ನಂಟು ಬೆಳೆದಿತ್ತು.

ಈಗ ಒಂದು ದೆನಾರಿಯಸ್ ಅಂಗೈಗೆ ಬಂತೆನ್ನಿ. ಮೊದಲು ಗುರುತು ಹಿಡಿಯಬೇಕು. ಭಾರತದ ನಿಧಿಗಳಲ್ಲಿ ಎರಡು ಬಗೆಯವು ಮತ್ತೆ ಮತ್ತೆ ಕಾಣುತ್ತವೆ: ಅಗಸ್ಟಸನ ಮೊಮ್ಮಕ್ಕಳಾದ ಗಾಯಸ್, ಲೂಸಿಯಸ್ ಗುರಾಣಿಗಳೊಡನೆ ನಿಂತಿರುವುದು, ಮತ್ತು ಟೈಬೀರಿಯಸನ ನಾಣ್ಯದ ಹಿಂಬದಿಯಲ್ಲಿ ಕುಳಿತ ಹೆಂಗಸು. ಇಲ್ಲೇ ಅಚ್ಚು ಹಾಕಿದ ಅನುಕರಣೆಗಳೂ ಇವೆ. ಅವುಗಳಲ್ಲಿ ಲ್ಯಾಟಿನ್ ಅಕ್ಷರಗಳು ಬರೀ ಗೀಟುಗಳಾಗಿರುತ್ತವೆ. ಆಮೇಲೆ ತೂಕ. ಅಗಸ್ಟಸನ ಕಾಲದ್ದು ಸುಮಾರು 3.9 ಗ್ರಾಂ. ಕ್ರಿ.ಶ. 64ರ ಹೊತ್ತಿಗೆ ನೀರೋ ಅದನ್ನು 3.4ರ ಆಸುಪಾಸಿಗೆ ಇಳಿಸಿ, ಬೆಳ್ಳಿಗೆ ಹೆಚ್ಚು ತಾಮ್ರ ಬೆರೆಸಿದ. ಆ ಮೇಲಿನ ಬೆಳ್ಳಿ ನಾಣ್ಯಗಳು ದಕ್ಷಿಣದ ನಿಧಿಗಳಲ್ಲಿ ಅಪರೂಪ. ನಮ್ಮ ವರ್ತಕರು ಮುದ್ರೆಯ ಮುಖ ನೋಡಿ ಮರುಳಾಗಲಿಲ್ಲ, ತಕ್ಕಡಿಯನ್ನು ನಂಬಿದರು ಎಂದೇ ನಾನು ತಿಳಿಯುತ್ತೇನೆ. ಕೆಲವು ನಾಣ್ಯಗಳ ಮೇಲೆ ಉಳಿಯ ಗಾಯವೂ ಇದೆ. ಸವಕಲು ಎಷ್ಟು, ಕೂದಲಿನ ಎಳೆಗಳು ಉಳಿದಿವೆಯೇ, ಅಕ್ಷರ ಅಂಚಿನೊಳಗೆ ಪೂರ್ತಿ ಕೂತಿದೆಯೇ ಎಂದು ದರ್ಜೆ ಕಟ್ಟುವುದು ಇದಾದ ಮೇಲೆ. ಬೆಲೆಯ ಮಾತು ಎಲ್ಲಕ್ಕಿಂತ ಕೊನೆಗೆ.

ದೂರದ ರಷ್ಯಾದ ರೂಬಲ್ಲಿಗೂ ಇದೇ ಕ್ರಮ. ಆ ಹೆಸರು ಬಂದದ್ದು ‘ಕಡಿ’ ಎಂಬ ಕ್ರಿಯಾಪದದಿಂದ. ಬೆಳ್ಳಿ ಗಟ್ಟಿಯಿಂದ ಕಡಿದ ತುಂಡು ಎಂದು ಅರ್ಥ. ಚಕ್ರವರ್ತಿ ಎರಡನೆಯ ನಿಕೊಲಾಯ್ ಕಾಲದ ಬೆಳ್ಳಿ ರೂಬಲ್ 20 ಗ್ರಾಂ ತೂಗುತ್ತದೆ. ಅದರಲ್ಲಿ ಅಪ್ಪಟ ಬೆಳ್ಳಿ 4 ಜೊಲೊತ್ನಿಕ್ 21 ದೋಲ್ಯ, ಅಂದರೆ ಸುಮಾರು 18 ಗ್ರಾಂ, ಇದೆಯೆಂದು ನಾಣ್ಯದ ಅಂಚಿನಲ್ಲೇ ಕೆತ್ತಿರುತ್ತಾರೆ. ತನ್ನ ನಾಣ್ಯತೆಯನ್ನು ತಾನೇ ಹೇಳಿಕೊಳ್ಳುವ ನಾಣ್ಯ. ಹೇಳಿದ್ದು ನಿಜವೇ ಎಂದು ತೂಗಿ ನೋಡುವುದು ಮಾತ್ರ ಪರೀಕ್ಷಕನ ಪಾಲು.

ಪೀಣ್ಯದಲ್ಲಿ, ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೆಲ ಅಗೆಯುವುದು ನಿಂತಿಲ್ಲ. ಪಾಯ ತೋಡುವಾಗ ಹಳೆಯ ಬಿಲ್ಲೆ ಸಿಕ್ಕರೆ ಹುಣಸೆಹುಳಿ ಹಚ್ಚಿ ಉಜ್ಜಬೇಡಿ. ಕಿಲುಬಿನೊಡನೆ ಅಕ್ಷರವೂ ಹೋಗುತ್ತದೆ. ಕರಗಿಸಲು ಕೊಡಬೇಡಿ. ಮಣ್ಣಿನಲ್ಲಿ ಜೊತೆಗೆ ಏನಿತ್ತು, ಎಷ್ಟು ಆಳದಲ್ಲಿತ್ತು ಎಂದು ಬರೆದಿಡಿ. ನೆಲದಲ್ಲಿ ಸಿಕ್ಕ ನಿಧಿಯ ವಿಷಯವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು ನಮ್ಮಲ್ಲಿ 1878ರಿಂದಲೂ ಇದೆ. ದಯವಿಟ್ಟು ತಿಳಿಸಿ.